ಲಂಗರು ಹಾಕಿದ ಎದುರಾಳಿಯ ಮುಂದೆ ಕಾಯಿಗಳನ್ನು ಸುರಕ್ಷಿತವಾಗಿ ಹೊರತೆಗೆಯುವುದು ಹೇಗೆ

ಬ್ಯಾಕ್‌ಗ್ಯಾಮನ್‌ನಲ್ಲಿ ಗೆದ್ದೇಬಿಟ್ಟೆವು ಎಂದುಕೊಂಡ ಆಟ ಕೈತಪ್ಪುವುದು ಹೆಚ್ಚಾಗಿ ಕೊನೆಯ ಘಟ್ಟದಲ್ಲಿ. ನಮ್ಮ 15 ಕಾಯಿಗಳೂ ಹೋಮ್ ಬೋರ್ಡಿಗೆ, ಅಂದರೆ ಕಾಯಿಗಳನ್ನು ಆಟದಿಂದ ಹೊರತೆಗೆಯುವ ಕೊನೆಯ ಆರು ಮನೆಗಳಿಗೆ, ಬಂದು ಸೇರಿರುತ್ತವೆ, ಓಟದ ಲೆಕ್ಕದಲ್ಲಿ ಎದುರಾಳಿ ಬಹಳ ಹಿಂದೆ ಬಿದ್ದಿರುತ್ತಾನೆ. ಆದರೆ ಅವನ ಎರಡು ಕಾಯಿಗಳು ನಮ್ಮದೇ ಹೋಮ್ ಬೋರ್ಡಿನ ಒಂದು ಮನೆಯನ್ನು ಹಿಡಿದು, ನಾವು ಎಲ್ಲಿ ಎಡವುತ್ತೇವೆ ಎಂದು ಕಾಯುತ್ತಿರುತ್ತವೆ. ಹೀಗೆ ಹಿಡಿದ ಮನೆಗೆ ಆಂಕರ್, ಅಂದರೆ ಲಂಗರು ಎಂದು ಹೆಸರು. ಲಂಗರು ನಮ್ಮ 1ನೆಯ ಮನೆಯಲ್ಲಿದ್ದು, ಎದುರಾಳಿ ತನ್ನ ಕಡೆಯ ಮನೆಗಳನ್ನು ಚೆನ್ನಾಗಿ ಕಾಯ್ದುಕೊಂಡಿದ್ದರೆ, ಅಂಥ ಆಟಗಳಲ್ಲಿ ಅವನು ನೂರಕ್ಕೆ ಸುಮಾರು 15ರಿಂದ 17ನ್ನು ಗೆಲ್ಲುತ್ತಾನೆ. ಈ ಪಾಲನ್ನು ಪೂರ್ತಿ ಇಲ್ಲವಾಗಿಸಲು ಸಾಧ್ಯವಿಲ್ಲ. ಆದರೆ ಅಜಾಗರೂಕ ಆಟಗಾರನು ಇದನ್ನು ಎಷ್ಟು ಸುಲಭವಾಗಿ ದುಪ್ಪಟ್ಟು ಮಾಡಿಕೊಳ್ಳುತ್ತಾನೆ ಎಂಬುದನ್ನು ಎಣಿಸಿಯೇ ತೋರಿಸಬಹುದು.

ಮೊದಲು ಮಾತಿನ ಬಳಕೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೋಮ್ ಬೋರ್ಡಿನ ಆರು ಮನೆಗಳಲ್ಲಿ ತೀರಾ ಒಳಗಿನದು 1ನೆಯದು, ಹೊರಗಿನ ಅಂಚಿನದು 6ನೆಯದು. ಒಂದು ಮನೆಯಲ್ಲಿ ಒಂದೇ ಕಾಯಿ ಉಳಿದರೆ ಅದು ಒಂಟಿ ಕಾಯಿ, ಎದುರಾಳಿಯ ಹೊಡೆತಕ್ಕೆ ತೆರೆದದ್ದು. ಅವನ ಕಾಯಿ ಆ ಮನೆಗೆ ಬಂದಿಳಿದರೆ ಅದೇ ಹೊಡೆತ; ಆಗ ನಮ್ಮ ಕಾಯಿ ಬೋರ್ಡಿನ ನಡುವಣ ಪಟ್ಟಿಯಾದ ಬಾರ್ ಮೇಲೆ ಹೋಗಿ, ಮತ್ತೆ ಮೊದಲಿನಿಂದ ಸುತ್ತಿ ಬರಬೇಕು. ಎರಡು ದಾಳಗಳು ಬೀಳುವ ರೀತಿಗಳು ಒಟ್ಟು 36. ಅವುಗಳಲ್ಲಿ 6-5ರಂಥ ಬಿಡಿ ಗರಕ್ಕೆ ಎರಡು ಪಾಲು, 4-4ರಂಥ ಜೋಡಿ ಗರಕ್ಕೆ (ಆ ಸಂಖ್ಯೆಯನ್ನು ನಾಲ್ಕು ಸಲ ಆಡುವಂಥದ್ದು) ಒಂದು ಪಾಲು. ಎಷ್ಟೇ ಯೋಚಿಸಿ ಆಡಿದರೂ ಒಂಟಿ ಕಾಯಿಯನ್ನು ಬಿಡಲೇಬೇಕಾಗುವಂತೆ ಮಾಡುವ ಗರವನ್ನು ಇಲ್ಲಿ ಕೆಟ್ಟ ಗರ ಎಂದು ಕರೆಯುತ್ತೇನೆ. ಈ ಬರಹದ ಲೆಕ್ಕವೆಲ್ಲ ಕೆಟ್ಟ ಗರಗಳ ಲೆಕ್ಕವೇ.

ನಿಯಮಗಳ ಪೈಕಿ ಮೂರು ಈ ಘಟ್ಟದಲ್ಲಿ ನಿರ್ಣಾಯಕವಾಗುತ್ತವೆ. ದಾಳದಲ್ಲಿ ಬಿದ್ದ ಸಂಖ್ಯೆಯ ಮನೆಯಲ್ಲಿ ಕಾಯಿ ಇದ್ದರೆ ಅದನ್ನು ಹೊರತೆಗೆಯಬಹುದು, ಆದರೆ ತೆಗೆಯಲೇಬೇಕೆಂದಿಲ್ಲ. ಅದೇ ಸಂಖ್ಯೆಗೆ ಬೇರೊಂದು ಕಾಯಿಯನ್ನು ಬೋರ್ಡಿನೊಳಗೇ ನಡೆಸಬಹುದು. ಆ ಮನೆ ಖಾಲಿಯಿದ್ದರೆ ಅದಕ್ಕಿಂತ ಮೇಲಿನ ಮನೆಯಿಂದ ಕಾಯಿ ನಡೆಸಬೇಕು, ಮೇಲೆ ಒಂದೂ ಇಲ್ಲದಿದ್ದರೆ ಇರುವುದರಲ್ಲಿ ಅತಿ ಮೇಲಿನ ಮನೆಯ ಕಾಯಿಯನ್ನು ತೆಗೆಯಬೇಕು. ಎರಡೂ ದಾಳಗಳನ್ನು ಆಡುವ ದಾರಿ ಒಂದಾದರೂ ಇದ್ದರೆ ಎರಡನ್ನೂ ಆಡಲೇಬೇಕು. ಇವುಗಳ ಜೊತೆಗೆ, ಲಂಗರಿನ ಮನೆಯ ಮೇಲೆ ನಾವು ಕಾಯಿ ಇಡುವಂತಿಲ್ಲ ಎಂಬುದನ್ನು ಪ್ರತಿ ನಡೆಯಲ್ಲೂ ನೆನಪಿನಲ್ಲಿಡಬೇಕು. ಲಂಗರು 1ನೆಯ ಮನೆಯಲ್ಲಿದ್ದರೆ 6ನೆಯ ಮನೆಯ ಕಾಯಿಗೆ 5 ನಡೆಯುವುದಿಲ್ಲ, 5ನೆಯದಕ್ಕೆ 4 ನಡೆಯುವುದಿಲ್ಲ, 4ನೆಯದಕ್ಕೆ 3, 3ನೆಯದಕ್ಕೆ 2, 2ನೆಯದಕ್ಕೆ 1 ನಡೆಯುವುದಿಲ್ಲ. ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ತಡೆಯಿಂದ. ಕೆಲವು ಸಲ ನಮ್ಮನ್ನು ಕಾಪಾಡುವುದೂ ಇದೇ ತಡೆ.

ಈಗ ಬೋರ್ಡನ್ನು ಮುಂದಿಟ್ಟುಕೊಂಡು 6, 5, 4, 3, 2ನೆಯ ಮನೆಗಳಲ್ಲಿ ತಲಾ ಎರಡು ಕಾಯಿಗಳನ್ನಿಡಿ. 1ನೆಯ ಮನೆಯಲ್ಲಿ ಎದುರಾಳಿಯ ಎರಡು ಕಾಯಿಗಳಿರಲಿ. ಇದು ಮಾದರಿ ಜೋಡಣೆ. ಇಲ್ಲಿ 6-4 ಬಿದ್ದರೆ 6ರಿಂದ ಒಂದನ್ನು ತೆಗೆದು ಇನ್ನೊಂದನ್ನು 2ಕ್ಕೆ ಇಳಿಸಬಹುದು. 6-3, 6-2, 6-1 ಬಿದ್ದರೂ ಹೀಗೆಯೇ 6ನೆಯ ಮನೆ ಒಂದೇ ನಡೆಯಲ್ಲಿ ಪೂರ್ತಿ ಖಾಲಿಯಾಗುತ್ತದೆ. 5-3, 5-2, 5-1 ಬಿದ್ದರೆ 5ನೆಯ ಮನೆಯ ಎರಡೂ ಕಾಯಿಗಳು ಒಟ್ಟಿಗೆ ಹೊರಡುತ್ತವೆ. ಜೋಡಿ ಗರಗಳು ಒಂದೂ ತೊಂದರೆ ಕೊಡುವುದಿಲ್ಲ. 5-5 ಬಿದ್ದಾಗ 5ನೆಯ ಮನೆಯ ಎರಡು ಕಾಯಿಗಳು ಹೊರಬಿದ್ದ ಮೇಲೆ 6ರ ಕಾಯಿಗಳಿಗೆ ತಡೆಯಿರುವುದರಿಂದ ಉಳಿದ ಎರಡು ಐದುಗಳು ಆಡದೆಯೇ ಮುಗಿಯುತ್ತವೆ. ಕೆಟ್ಟವು ಎರಡೇ ಗರಗಳು, 6-5 ಮತ್ತು 5-4. 6-5ರಲ್ಲಿ 6ಕ್ಕೆ ಒಂದು ಕಾಯಿ 6ನೆಯ ಮನೆಯಿಂದ, 5ಕ್ಕೆ ಒಂದು ಕಾಯಿ 5ನೆಯ ಮನೆಯಿಂದ ಹೋಗಿ ಎರಡೂ ಕಡೆ ಒಂಟಿ ಕಾಯಿಗಳು ಉಳಿಯುತ್ತವೆ. 5-4ರಲ್ಲಿ 5ನೆಯ ಮನೆಯಲ್ಲಿ ಉಳಿದ ಒಂಟಿ ಕಾಯಿಯನ್ನು 4 ಕೊಟ್ಟು ಸರಿಸಲು ಆಗುವುದಿಲ್ಲ. 36ರಲ್ಲಿ 4 ಪಾಲು ಮಾತ್ರ ಅಪಾಯ. ಅಪಾಯವಾದಾಗಲೂ ಎದುರಾಳಿ 36ರಲ್ಲಿ 20 ಗರಗಳಿಂದ ಮಾತ್ರ ಹೊಡೆಯಬಲ್ಲ. ಎರಡನ್ನೂ ಗುಣಿಸಿದರೆ ಈ ಒಂದು ಸುತ್ತಿನಲ್ಲಿ ಹೊಡೆತ ತಿನ್ನುವ ಸಂಭವ ನೂರಕ್ಕೆ ಸುಮಾರು 6.

ಇದೇ ಜೋಡಣೆಯಲ್ಲಿ 6ನೆಯ ಮನೆಯ ಮೇಲೆ ಇನ್ನೊಂದೇ ಒಂದು ಕಾಯಿ ಹೆಚ್ಚಿಗೆ ಇಟ್ಟು ಮತ್ತೆ ಎಣಿಸಿ ನೋಡಿ. ಅಲ್ಲಿ ಈಗ ಮೂರು ಕಾಯಿ. ಮೂರಿದ್ದರೆ ಎರಡಕ್ಕಿಂತ ಭದ್ರ ಎಂದು ಕಣ್ಣಿಗೆ ತೋರುತ್ತದೆ. ಆದರೆ 6 ಬಿದ್ದ ಗರಗಳೆಲ್ಲವೂ ಈಗ ಕೆಟ್ಟವು. ಒಂದನ್ನು 6ಕ್ಕೆ ತೆಗೆದ ಮೇಲೆ ಉಳಿದ ಎರಡನ್ನು ಮುಟ್ಟದೆ ಇನ್ನೊಂದು ದಾಳವನ್ನು ಆಡಬೇಕು. ಆದರೆ ಕೆಳಗಿನ ಯಾವ ಮನೆಯಲ್ಲೂ ಹೆಚ್ಚುವರಿ ಕಾಯಿ ಇಲ್ಲದ್ದರಿಂದ ಯಾವುದನ್ನು ಮುಟ್ಟಿದರೂ ಒಂದು ಜೋಡಿ ಒಡೆಯುತ್ತದೆ. 6-6ರಲ್ಲಿ ನಾಲ್ಕನೆಯ ಆರು 5ನೆಯ ಮನೆಯ ಜೋಡಿಯನ್ನು ಒಡೆಯುತ್ತದೆ. 4-4, 5-4, 4-3ಗಳೂ ಕೆಟ್ಟವಾಗುತ್ತವೆ. ಒಟ್ಟು 16. ಒಂದು ಕಾಯಿಯ ವ್ಯತ್ಯಾಸದಿಂದ 4 ಇದ್ದದ್ದು 16 ಆಯಿತು.

ಅತಿ ಮೇಲಿನ ಎರಡು ಮನೆಗಳಲ್ಲಿ ಕಾಯಿಗಳು ಸಮಸಂಖ್ಯೆಯಲ್ಲಿರಬೇಕು ಎಂದು ಅನುಭವಿಗಳು ಒತ್ತಿ ಹೇಳುವುದಕ್ಕೆ ಇದೇ ಕಾರಣ. ಮೇಲಿನ ಮನೆಯಲ್ಲಿ ಬೆಸಸಂಖ್ಯೆ ಬಿದ್ದಿದ್ದರೆ ಅದನ್ನು ಸರಿಪಡಿಸುವ ಅವಕಾಶ ಸಾಮಾನ್ಯವಾಗಿ ಸಣ್ಣ ಗರಗಳಲ್ಲಿ ಸಿಗುತ್ತದೆ. ಮೇಲಿನ ಮೂರು ಕಾಯಿಗಳ ಜೋಡಣೆಯಲ್ಲಿ 2-1 ಬಿದ್ದರೆ 6ರ ಒಂದು ಕಾಯಿಯನ್ನು ಒಂದೇ ಉಸಿರಿಗೆ 3ಕ್ಕೆ ಇಳಿಸಿ ಸಮಸಂಖ್ಯೆಯನ್ನು ಮರಳಿ ತರಬಹುದು. 3-1 ಬಿದ್ದರೆ 2ಕ್ಕೆ ಇಳಿಸಬಹುದು. ಸಣ್ಣ ಗರ ಬಿದ್ದಾಗ ಬೇಸರಪಡುವವರು ಈ ಉಪಕಾರವನ್ನು ಗಮನಿಸುವುದೇ ಇಲ್ಲ.

ನಡುವೆ ಖಾಲಿ ಬಿಟ್ಟ ಮನೆಯೂ ಇಷ್ಟೇ ದುಬಾರಿ. ಮಾದರಿ ಜೋಡಣೆಯಿಂದ 5ನೆಯ ಮನೆಯ ಎರಡು ಕಾಯಿಗಳನ್ನು ಎತ್ತಿಬಿಡಿ. ಈಗ 6, 4, 3, 2ರಲ್ಲಿ ತಲಾ ಎರಡು ಉಳಿದಿವೆ. ಕಾಯಿ ಕಡಿಮೆಯಾಗಿದ್ದರಿಂದ ಅಪಾಯವೂ ಕಡಿಮೆಯಾಗಿರಬೇಕಲ್ಲವೇ? ಇಲ್ಲ, ಕೆಟ್ಟ ಗರಗಳು 4ರಿಂದ 12ಕ್ಕೆ ಏರುತ್ತವೆ. 6-1ರಲ್ಲಿ 6ರ ಎರಡನೆಯ ಕಾಯಿ ಇಳಿಯಬೇಕಾದ 5ನೆಯ ಮನೆಯಲ್ಲಿ ಜೊತೆಗಾರನಿಲ್ಲ. 5 ಬಿದ್ದ ಬಿಡಿ ಗರಗಳೆಲ್ಲವೂ ಕೆಟ್ಟವು, ಏಕೆಂದರೆ 5ಕ್ಕೆ ಆಡಲು ಏನೂ ಇಲ್ಲದೆ ಇನ್ನೊಂದು ದಾಳ ಒಬ್ಬಂಟಿಯಾಗಿ ಒಂದು ಜೋಡಿಯನ್ನು ಒಡೆಯುತ್ತದೆ. ಇವುಗಳಲ್ಲಿ 5-1ರ ಕಥೆಯೇ ಬೇರೆ: 1ಕ್ಕೆ 6ರಿಂದ 5ಕ್ಕೆ ಇಳಿದ ಕಾಯಿಯನ್ನು 5ಕ್ಕೆ ಹೊರತೆಗೆಯುವ ದಾರಿ ಇರುವುದರಿಂದ, ಎರಡೂ ದಾಳಗಳನ್ನು ಆಡಲೇಬೇಕೆಂಬ ನಿಯಮ ನಮ್ಮನ್ನು ಆ ದಾರಿಗೇ ತಳ್ಳುತ್ತದೆ, 6ರಲ್ಲಿ ಒಂಟಿ ಕಾಯಿ ಉಳಿಯುತ್ತದೆ. ಖಾಲಿ ಮನೆಯ ಇನ್ನೊಂದು ಕೆಡುಕನ್ನೂ ಗಮನಿಸಬೇಕು. 5, 4, 3, 2 ನಮ್ಮ ಹಿಡಿತದಲ್ಲಿದ್ದಾಗ 6ರಲ್ಲಿ ಉಳಿದ ಒಂಟಿ ಕಾಯಿಯನ್ನು ಎದುರಾಳಿ ನೇರ 5ರಿಂದಲೇ ಹೊಡೆಯಬೇಕು, ಅದು 36ರಲ್ಲಿ 11. 5ನೆಯ ಮನೆ ಖಾಲಿಯಿದ್ದರೆ ಅವನು 4-1ರಲ್ಲಿ ಅಲ್ಲಿ ಕಾಲೂರಿ ಬಂದು ಹೊಡೆಯುತ್ತಾನೆ, ಆಗ 13.

ಇಲ್ಲಿಯವರೆಗೆ ಹೇಳಿದ್ದು ಜೋಡಣೆಯ ಗುಣದೋಷ. ಆಡುವಾಗ ಎದುರಾಗುವ ನಿಜವಾದ ಪರೀಕ್ಷೆ ಆಸೆಯದು. 5ನೆಯ ಮನೆಯಲ್ಲಿ ಮೂರು, 4ರಲ್ಲಿ ಎರಡು, 3ರಲ್ಲಿ ಎರಡು, 2ರಲ್ಲಿ ಮೂರು ಕಾಯಿಗಳಿವೆ, 2-1 ಬಿದ್ದಿದೆ ಎಂದುಕೊಳ್ಳಿ. ಕೈ ತಾನಾಗಿಯೇ 2ನೆಯ ಮನೆಯ ಹೆಚ್ಚುವರಿ ಕಾಯಿಯನ್ನು ಹೊರತೆಗೆಯಲು ಹೋಗುತ್ತದೆ. ಆಮೇಲೆ 1ಕ್ಕೆ 5ರಿಂದ 4ಕ್ಕೆ ಒಂದನ್ನು ಇಳಿಸಿದರೆ ಎಲ್ಲಿಯೂ ಒಂಟಿ ಕಾಯಿ ಇಲ್ಲ, ಒಂದು ಕಾಯಿಯೂ ಹೊರಗೆ ಬಂತು. ಇನ್ನೊಂದು ದಾರಿಯೆಂದರೆ ಏನನ್ನೂ ಹೊರತೆಗೆಯದೆ 5ರ ಒಂದು ಕಾಯಿಯನ್ನು ಮೂರು ಹೆಜ್ಜೆ ನಡೆಸಿ 2ಕ್ಕೆ ತರುವುದು. ಎರಡೂ ಈ ಕ್ಷಣಕ್ಕೆ ಸುರಕ್ಷಿತವೇ, ಎರಡರಲ್ಲೂ 5ನೆಯ ಮನೆಯಲ್ಲಿ ಎರಡೇ ಕಾಯಿ ಉಳಿಯುತ್ತವೆ. ಮುಂದಿನ ಗರವನ್ನು ಎಣಿಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಮೊದಲನೆಯ ದಾರಿಯಲ್ಲಿ 4ನೆಯ ಮನೆಯಲ್ಲಿ ಮೂರು ಕಾಯಿಗಳು ನಿಂತು 6-6, 5-5, 6-4, 5-4, 4-3, 4-2, 4-1 ಇಷ್ಟೂ ಕೆಟ್ಟವಾಗುತ್ತವೆ, ಒಟ್ಟು 12. ಎರಡನೆಯ ದಾರಿಯಲ್ಲಿ 5, 4, 3ರಲ್ಲಿ ತಲಾ ಎರಡು, 2ರಲ್ಲಿ ನಾಲ್ಕು. ಕೆಟ್ಟ ಗರಗಳು 6-4, 5-4, 4-3 ಮಾತ್ರ, ಒಟ್ಟು 6. ಹೊರತೆಗೆದ ಆ ಒಂದು ಕಾಯಿಗೆ ನಾವು ತೆತ್ತ ಬೆಲೆ ಅಪಾಯದ ದುಪ್ಪಟ್ಟು. ಓಟದಲ್ಲಿ ಹೇಗೂ ಬಹಳ ಮುಂದಿರುವವನಿಗೆ ಆ ಕಾಯಿಯಿಂದ ಆಗಬೇಕಾದದ್ದಾದರೂ ಏನು ಎಂದು ಕೇಳಿಕೊಳ್ಳಬೇಕು.

ಆಟದ ನಡುವೆ 36 ಗರಗಳನ್ನೂ ಎಣಿಸುತ್ತ ಕೂರುವುದು ಕಷ್ಟ ಎನ್ನುವವರಿಗೆ ಒಂದು ಅಡ್ಡದಾರಿ ಇದೆ. ಪಾಲುಗಳು 36 ಇದ್ದರೂ ಬೇರೆಬೇರೆ ಗರಗಳು 21 ಮಾತ್ರ. ಮೊದಲು 6-5, 6-4, 5-4ಗಳನ್ನು ನೋಡಿ, ಆಮೇಲೆ 6-6 ಮತ್ತು 5-5 ನೋಡಿ, ಕೊನೆಗೆ ಮೇಲಿನ ಮನೆಯಿಂದ ತಡೆಯಿರುವ ಸಂಖ್ಯೆಯ ಗರಗಳನ್ನು ನೋಡಿ. ಎರಡು ನಡೆಗಳ ನಡುವಣ ವ್ಯತ್ಯಾಸ ಹೆಚ್ಚಾಗಿ ಇವುಗಳಲ್ಲೇ ಹೊರಬೀಳುತ್ತದೆ. ಆಟ ಮುಗಿದ ಮೇಲೆ ಅನುಮಾನ ಉಳಿದರೆ ಉಚಿತವಾಗಿ ಸಿಗುವ ಗ್ನೂ ಬ್ಯಾಕ್‌ಗ್ಯಾಮನ್ ತಂತ್ರಾಂಶದಲ್ಲಿ ಅದೇ ಜೋಡಣೆಯನ್ನಿಟ್ಟು ನೋಡಬಹುದು. ಆದರೆ ಮೊದಲು ಕೈಯಾರೆ ಎಣಿಸಿ, ಆಮೇಲೆ ಯಂತ್ರವನ್ನು ಕೇಳುವುದು ಒಳ್ಳೆಯದು. ಯಂತ್ರ ಉತ್ತರವನ್ನಷ್ಟೇ ಕೊಡುತ್ತದೆ, ಯಾವ ಗರ ಏಕೆ ಕೆಟ್ಟದ್ದು ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಸುರಕ್ಷತೆಯ ತಯಾರಿ ಶುರುವಾಗಬೇಕಾದದ್ದು ಕಾಯಿಗಳು ಇನ್ನೂ ಹೊರ ಬೋರ್ಡಿನಲ್ಲಿರುವಾಗಲೇ. ಬೇಗ ಒಳಗೆ ತರುವ ಅವಸರದಲ್ಲಿ ಎಲ್ಲವನ್ನೂ 6ನೆಯ ಮನೆಯ ಮೇಲೆ ಪೇರಿಸಿದರೆ ಮುಂದೆ ಆ ರಾಶಿಯನ್ನು ಇಳಿಸುವುದೇ ದೊಡ್ಡ ಕೆಲಸವಾಗುತ್ತದೆ. ಹಿಂದಿನ ಮನೆಯನ್ನು ಮೊದಲು ಖಾಲಿ ಮಾಡುತ್ತ ಬರಬೇಕು, ಮತ್ತು ಸಾಧ್ಯವಾದಷ್ಟು ಹೆಚ್ಚುವರಿ ಕಾಯಿಗಳನ್ನು 4, 3, 2ನೆಯ ಮನೆಗಳಿಗೆ ಹಂಚಬೇಕು. ಅಲ್ಲಿ ಜೋಡಿಯ ಮೇಲೊಂದು ಬಿಡಿ ಕಾಯಿ ಇದ್ದರೆ ತೊಡಕಿನ ಸಣ್ಣ ದಾಳವನ್ನು ಅದರಿಂದ ಆಡಿ ಮುಗಿಸಬಹುದು. ಕೊನೆಯ ಒಂದು ಕಾಯಿಯನ್ನು ಹೊರಗೆ ಬಿಡಲೇಬೇಕಾದರೆ ಲಂಗರಿನಿಂದ ಆರಕ್ಕಿಂತ ದೂರದಲ್ಲಿ ಬಿಡುವುದು ಲೇಸು: ಏಳು ಮನೆ ದೂರದ ಕಾಯಿಗೆ ತಗಲುವ ಗರಗಳು ಹೆಚ್ಚೆಂದರೆ 6, ಆರು ಮನೆ ದೂರದ್ದಕ್ಕೆ 17ರವರೆಗೂ ಇರಬಹುದು.

ಅಪಾಯವನ್ನು ಈಗಲೇ ತೆಗೆದುಕೊಳ್ಳಬೇಕೋ, ಮುಂದೂಡಬೇಕೋ ಎಂಬ ಪ್ರಶ್ನೆಗೆ ನಮ್ಮ ಬೋರ್ಡನ್ನು ಮಾತ್ರ ನೋಡಿ ಉತ್ತರಿಸಲಾಗದು. ನಮ್ಮ ಒಂಟಿ ಕಾಯಿಗೆ ಹೊಡೆತ ಬಿದ್ದರೆ ಅದು ಎದುರಾಳಿಯ ಹೋಮ್ ಬೋರ್ಡಿನ ಮೂಲಕ ಮತ್ತೆ ಒಳಬರಬೇಕು. ಅಲ್ಲಿ ಎರಡು ಮೂರು ಮನೆಗಳು ಆಗಲೇ ಒಡೆದಿದ್ದರೆ ಹೊಡೆತ ಬಿದ್ದರೂ ಆಟ ಮುಗಿಯುವುದಿಲ್ಲ, ಆದ್ದರಿಂದ ಹಿಂದಿನ ತೊಡಕಿನ ಮನೆಯನ್ನು ಧೈರ್ಯದಿಂದ ಈಗಲೇ ಬಿಡಿಸಬಹುದು. ಅವನ ಐದು ಅಥವಾ ಆರು ಮನೆಗಳು ಗಟ್ಟಿಯಾಗಿದ್ದು, ಲಂಗರಿನ ಹೊರತಾಗಿ ನಡೆಸಲು ಬೇರೆ ಕಾಯಿಗಳಿಲ್ಲದಿದ್ದರೆ, ಮುಂದಿನ ಒಂದೆರಡು ಸುತ್ತಿನಲ್ಲಿ ಅವನು ತನ್ನ ಮನೆಗಳನ್ನು ತಾನೇ ಮುರಿಯಬೇಕಾಗುತ್ತದೆ; ಆಗ ಕಾಯುವುದೇ ಜಾಣತನ. ಕಾಯುವಾಗಲೂ ನಮ್ಮ ಸಮಸಂಖ್ಯೆ ಕೆಡದಂತೆ ಕೆಳಗಿನ ಹೆಚ್ಚುವರಿ ಕಾಯಿಗಳನ್ನು ಮಾತ್ರ ಬಳಸಬೇಕು. ಇನ್ನೂ ಒಂದು ಸ್ಥಿತಿಯಿದೆ: ಅವನ ಬೋರ್ಡು ಈಗ ಅರೆಬರೆ, ಆದರೆ ಅವನ ಕಾಯಿಗಳು ದೂರದಿಂದ ಬರುತ್ತಿದ್ದು ದಿನೇದಿನೇ ಎಂಬಂತೆ ಅದು ಬಲವಾಗುತ್ತಿದೆ. ಇಂಥಲ್ಲಿ ಮುಂದೂಡಿದಷ್ಟೂ ಹೊಡೆತದ ಬೆಲೆ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಎಚ್ಚರಿಕೆಯ ಆಟಗಾರರು ಮಾಡುವ ತಪ್ಪುಗಳಲ್ಲಿ ಇದೇ ಸಾಮಾನ್ಯವಾದದ್ದು. ಇಂದು 11 ಪಾಲಿನ ಅಪಾಯಕ್ಕೆ ಹೆದರಿ ನಾಳೆ 20 ಪಾಲಿನದಕ್ಕೆ ಸಿಕ್ಕಿಬೀಳುತ್ತಾರೆ.

ಒಂಟಿ ಕಾಯಿಯನ್ನು ಬಿಡದೆ ಗತಿಯಿಲ್ಲ ಎಂದಾಗ ಎರಡನ್ನು ಬಿಡುವ ಬದಲು ಒಂದನ್ನು ಬಿಡುವ ದಾರಿಯನ್ನು ಹುಡುಕಬೇಕು. ನಡುವಣ ಮನೆಗಳು ನಮ್ಮವೇ ಆಗಿದ್ದರೆ ಒಂದಕ್ಕೆ 11, ಎರಡಕ್ಕೆ 20. ಸಮನಾದ ಎರಡು ದಾರಿಗಳಿದ್ದರೆ, ಹೊಡೆತ ತಪ್ಪಿದ ಮುಂದಿನ ಸುತ್ತಿನಲ್ಲಿ ಯಾವ ಒಂಟಿ ಕಾಯಿಯನ್ನು ಸುಲಭವಾಗಿ ಮುಚ್ಚಬಹುದು ಅಥವಾ ತೆಗೆಯಬಹುದು ಎಂದು ನೋಡಿ ಆರಿಸಬೇಕು.

ಸುರಕ್ಷತೆಗೆ ಎಷ್ಟು ತೂಕ ಕೊಡಬೇಕು ಎಂಬುದು ಎಷ್ಟು ಕಾಯಿಗಳು ಹೊರಬಿದ್ದಿವೆ ಎಂಬುದರ ಮೇಲೂ ನಿಂತಿದೆ. ನಮ್ಮ 10 ಕಾಯಿಗಳು ಹೊರಗೆ ಹೋದ ಮೇಲೆ ಒಂದು ಕಾಯಿಗೆ ಹೊಡೆತ ಬಿದ್ದು, ಎದುರಾಳಿ ತನ್ನ ಆರೂ ಮನೆಗಳನ್ನು ಮುಚ್ಚಿ ಅದನ್ನು ಬಾರ್ ಮೇಲೆ ಕೂರಿಸಿದರೂ, ಆಟ ಸರಿಸುಮಾರು ಸಮಬಲದ್ದಾಗಿಯೇ ಉಳಿಯುತ್ತದೆ. ಹೊರಬಿದ್ದವು ನಾಲ್ಕೈದೇ ಆಗಿದ್ದರೆ ಅಂಥ ಹೊಡೆತದ ನಂತರ ಗೆಲುವು ಬಹಳ ದೂರ. ಹಾಗಾಗಿ ಆರಂಭದಲ್ಲಿ ಅತಿ ಎಚ್ಚರಿಕೆ, ಮುಂದೆ ಹೋದಂತೆ ಸ್ವಲ್ಪ ಧಾರಾಳ. ಗ್ಯಾಮನ್‌ನ ಲೆಕ್ಕವೂ ಇಲ್ಲಿಯೇ ಸೇರುತ್ತದೆ. ಎದುರಾಳಿ ಒಂದೂ ಕಾಯಿಯನ್ನು ಹೊರತೆಗೆಯುವ ಮೊದಲೇ ನಾವು ಮುಗಿಸಿದರೆ ಗೆಲುವು ಎರಡರಷ್ಟಾಗುತ್ತದೆ. ಅದು ಕೂದಲೆಳೆಯಲ್ಲಿ ಸಿಗುವಂತಿದ್ದರೆ ಮಾತ್ರ ಒಂದು ಕಾಯಿಯನ್ನು ತೆಗೆಯಲು ಅಪಾಯ ಹೊರುವುದಕ್ಕೆ ಅರ್ಥವಿದೆ. ಗ್ಯಾಮನ್ ಆಗಲೇ ಖಚಿತವಾಗಿದ್ದರೆ, ಅಥವಾ ಸಿಗುವ ಆಸೆಯೇ ಇಲ್ಲದಿದ್ದರೆ, ಅಥವಾ ಪಂದ್ಯ ಗೆಲ್ಲಲು ನಮಗೆ ಒಂದೇ ಅಂಕ ಸಾಕಾಗಿದ್ದರೆ, ಆ ಪ್ರಲೋಭನೆಯನ್ನು ದೂರವಿಡಬೇಕು.

ಲಂಗರು ಬೇರೆ ಮನೆಯಲ್ಲಿದ್ದರೆ ತಡೆಯ ಸಂಖ್ಯೆಗಳು ಬದಲಾಗುತ್ತವೆ, ತರ್ಕ ಬದಲಾಗುವುದಿಲ್ಲ. 2ನೆಯ ಮನೆಯ ಲಂಗರಿನೆದುರು 6ರ ಕಾಯಿಗೆ 4, 5ರದಕ್ಕೆ 3, 4ರದಕ್ಕೆ 2, 3ರದಕ್ಕೆ 1 ನಡೆಯುವುದಿಲ್ಲ. ಆದರೆ 1ನೆಯ ಮನೆಗೆ ಇಳಿದ ನಮ್ಮ ಕಾಯಿ ಲಂಗರಿನ ಹಿಂದೆ ಬೀಳುವುದರಿಂದ ಒಂಟಿಯಾಗಿದ್ದರೂ ಅದಕ್ಕೆ ಭಯವಿಲ್ಲ, ಎದುರಾಳಿಯ ಕಾಯಿ ಬಾರ್ ಮೇಲೆ ಇರದಿರುವವರೆಗೆ. ತೊಡಕಿನ ದಾಳವನ್ನು ಅಲ್ಲಿಗೆ ಎಸೆದು ಪಾರಾಗಬಹುದು. ಲಂಗರು 4 ಅಥವಾ 5ನೆಯ ಮನೆಯಲ್ಲಿದ್ದಾಗ ನಿಜವಾದ ಕಷ್ಟವಿರುವುದು ಕಾಯಿಗಳನ್ನು ಮನೆಗೆ ತರುವುದರಲ್ಲಿ. 6ನೆಯ ಮನೆಯನ್ನು ದಾಟಿದ ಮೇಲೆ 5ರ ಲಂಗರು ಯಾರನ್ನೂ ಮುಟ್ಟಲಾರದು.

ಕೊನೆಗೆ ಲಂಗರು ಎತ್ತಿದಾಗ ಏನು ಮಾಡಬೇಕು ಎಂಬುದು. 6-6ರಂಥ ದೊಡ್ಡ ಗರಕ್ಕೆ ಬೇರೆ ನಡೆ ಸಿಗದೆ, ಅಥವಾ ಗ್ಯಾಮನ್ ತಪ್ಪಿಸಿಕೊಳ್ಳಲು, ಎದುರಾಳಿ ಒಂದು ಕಾಯಿಯನ್ನು ಓಡಿಸಿ ಇನ್ನೊಂದನ್ನು ಅಲ್ಲಿಯೇ ಬಿಡಬಹುದು. ಉಳಿದ ಆ ಕಾಯಿ ಮೊದಲಿನಷ್ಟೇ ಬಲವಾಗಿ ಹೊಡೆಯಬಲ್ಲದು ಎಂಬುದನ್ನು ಮರೆಯಬಾರದು. ಆದರೆ ಆ ಮನೆ ಈಗ ನಮಗೆ ಮುಚ್ಚಿಲ್ಲ. ಅದನ್ನು ಒಂದೇ ಕಾಯಿಯಿಂದ ಹೊಡೆದು ಅಲ್ಲಿಯೇ ಒಂಟಿಯಾಗಿ ನಿಂತರೆ, ಬಾರ್‌ನಿಂದ ಒಳಬರುವ 1 ನಮಗೆ ತಿರುಗೇಟು ಕೊಡುತ್ತದೆ, ಅದಕ್ಕೆ 36ರಲ್ಲಿ ಕನಿಷ್ಠ 11 ಪಾಲು; ಎರಡು ಕಾಯಿಗಳಿಂದ ಆ ಮನೆಯನ್ನು ಕಟ್ಟಬಹುದಾದರೆ, ಅಥವಾ ಗ್ಯಾಮನ್ ಬೇಕೇಬೇಕಾಗಿದ್ದರೆ ಮಾತ್ರ ಹೊಡೆಯುವ ಯೋಚನೆ ಮಾಡಬಹುದು. ಎರಡೂ ಕಾಯಿಗಳು ನಮ್ಮ ಕಾಯಿಗಳನ್ನೆಲ್ಲ ದಾಟಿ ಹೋದ ಗಳಿಗೆಯಿಂದ ಸಮಸಂಖ್ಯೆ, ಖಾಲಿ ಮನೆ, ಒಂಟಿ ಕಾಯಿ ಯಾವುದಕ್ಕೂ ಬೆಲೆಯಿಲ್ಲ. ಅಲ್ಲಿಂದಾಚೆಗೆ ಪ್ರತಿ ದಾಳಕ್ಕೂ ಒಂದು ಕಾಯಿ ಹೊರಗೆ ಬರಬೇಕು, ಬರಲಾಗದಿದ್ದರೆ ಖಾಲಿ ಮನೆಯೊಂದು ತುಂಬಬೇಕು.